ಮೂರು ಬಣ ರೆಡಿ ಇದೆ, ಆಟ ಮಾತ್ರ ನಿಂತಲ್ಲೇ ನಿಂತಿದೆ: ಶಿಕಾಗೋ ವ್ಯಾಂಪೈರ್ ಕಥೆ ನಡೆಸ್ತಿರೋ ಓದುಗರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಐದು ಜನ ಫ್ರೆಂಡ್ಸ್ ಮೈಸೂರಲ್ಲಿ ಶನಿವಾರ ರಾತ್ರಿ ಸೇರಿ ಟೇಬಲ್‌ಟಾಪ್ ಆರ್‌ಪಿಜಿ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಡೈಸ್ ಉರುಳಿಸಿ ಕಥೆ ಕಟ್ಟೋ ಆಟ ಆಡ್ತೀವಿ. ಮೊದಲು ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಆಡ್ತಿದ್ವಿ, ಈಗ ವ್ಯಾಂಪೈರ್ ದ ಮಾಸ್ಕರೇಡ್ ಐದನೇ ಎಡಿಷನ್ ಶುರು ಮಾಡಿದೀವಿ, ಅದರಲ್ಲಿ ಪ್ಲೇಯರ್‌ಗಳೆಲ್ಲ ವ್ಯಾಂಪೈರ್‌ಗಳು, ಕಥೆ ನಡೆಸೋ ಸ್ಟೋರಿಟೆಲ್ಲರ್ ನಾನೇ, ಕಥೆ ನಡೆಯೋದು ಶಿಕಾಗೋದಲ್ಲಿ. ಊರು ಆಳೋ ವ್ಯಾಂಪೈರ್‌ಗಳ ಕ್ಯಾಮರಿಲಾ, ಅವರನ್ನ ಎದುರಿಸೋ ವ್ಯಾಂಪೈರ್‌ಗಳ ಅನಾರ್ಕ್, ವ್ಯಾಂಪೈರ್‌ಗಳನ್ನ ಬೇಟೆಯಾಡೋ ಹಂಟರ್ಸ್ ಅಂತ ಮೂರು ಬಣ ಇಟ್ಕೊಂಡು ಮೂರಕ್ಕೂ ಇತಿಹಾಸ, ಲೀಡರ್, ಗುಟ್ಟು ಎಲ್ಲ ಬರೆದು ದೊಡ್ಡ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕ್ದೆ, ಒಬ್ರೂ ಓದ್ಲಿಲ್ಲ. ಮೊದಲ ಸೆಷನ್‌ನಲ್ಲಿ ಪ್ರಿನ್ಸ್, ಅಂದ್ರೆ ಕ್ಯಾಮರಿಲಾ ಕಡೆಯ ಊರ ದೊರೆ, ಅವನ ಸಭೆ ಇಟ್ಟೆ, ಎಲ್ರೂ ಸುಮ್ನೆ ಕೇಳ್ತಾ ಕೂತ್ರು. ಆಮೇಲೆ ಒಬ್ಬ ಪ್ರಿನ್ಸ್ ಕಡೆ ಹೋದ, ಒಬ್ಬ ಅನಾರ್ಕ್ ಕಡೆ ಹೋದ, ಉಳಿದ ಇಬ್ಬರಿಗೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ದೆ ಫೋನ್ ನೋಡ್ತಿರ್ತಾರೆ. ಹೋದ ವಾರ ಅನಾರ್ಕ್ ಆಡೋನು ನಂಗೆ ಪರ್ಸನಲ್ ಮೆಸೇಜ್ ಮಾಡಿ, ಪ್ರಿನ್ಸ್ ಕಡೆ ಹೋದೋನ ಕ್ಯಾರೆಕ್ಟರ್ ಹಗಲಲ್ಲಿ ಮಲಗೋ ಜಾಗದ ಅಡ್ರೆಸ್ ಹಂಟರ್ಸ್‌ಗೆ ಕೊಡ್ತೀನಿ ಅಂದ, ನಾನು ಓಕೆ ಅಂದೆ, ಸೆಷನ್‌ನಲ್ಲಿ ಗೊತ್ತಾಗಿ ನಿಜವಾದ ಜಗಳನೇ ಆಗೋಯ್ತು, ಇಬ್ರೂ ಈಗ ಮಾತಾಡ್ತಿಲ್ಲ. ಆನ್‌ಲೈನ್ ಕೇಳಿದ್ರೆ ಈ ಗೇಮ್ ಇರೋದೇ ಹಂಗೆ, ಒಬ್ರಿಗೊಬ್ರು ಚೂರಿ ಹಾಕೋದೇ ಆಟ ಅಂತಾರೆ. ಇನ್ನು ಕೆಲವರು ಶಿಕಾಗೋ ಪುಸ್ತಕ ಪೂರ್ತಿ ಓದದೆ ಶುರು ಮಾಡಿದ್ದೇ ತಪ್ಪು ಅಂತಾರೆ. ನಿಲ್ಲಿಸಿಬಿಡ್ಲಾ?

ಉತ್ತರ: ನಿಲ್ಲಿಸ್ಬೇಡಿ. ಇಲ್ಲಿ ಎರಡು ತೊಂದರೆ ಒಂದಕ್ಕೊಂದು ಸುತ್ಕೊಂಡಿದೆ, ಕಥೆ ಮುಂದಕ್ಕೆ ಹೋಗ್ತಿಲ್ಲ ಅನ್ನೋದು ಒಂದು, ಫ್ರೆಂಡ್ಸ್ ಇಬ್ರು ಮುನಿಸ್ಕೊಂಡಿರೋದು ಇನ್ನೊಂದು, ಮತ್ತೆ ಎರಡನೇದು ಮೊದಲನೇದರಿಂದಾನೇ ಹುಟ್ಕೊಂಡಿದೆ ಅಂತ ನಂಗೆ ಅನ್ಸತ್ತೆ. ನಾನು ಬೋರ್ಡ್ ಗೇಮ್ ಕೆಫೆಗಳಲ್ಲಿ ಟೇಬಲ್ ನಡೆಸೋದೇ ಕೆಲಸ ಮಾಡ್ಕೊಂಡಿರೋನು, ಗುರುತು ಪರಿಚಯ ಇಲ್ದೋರೂ ಬಂದು ಕೂರ್ತಾರೆ, ಜೀವದ ಗೆಳೆಯರೂ ಬಂದು ಕೂರ್ತಾರೆ, ಎರಡೂ ಕಡೆ ಒಂದೇ ವಿಷಯ ನೋಡಿದೀನಿ: ಮಾಡೋಕೆ ಗಟ್ಟಿಯಾದ ಕೆಲಸ ಇಲ್ದಿದ್ರೆ ಪ್ಲೇಯರ್‌ಗಳು ಪಕ್ಕದಲ್ಲಿ ಕೂತಿರೋನ ಮೇಲೇನೇ ಕಣ್ಣು ಹಾಕ್ತಾರೆ. ಆ ಅನಾರ್ಕ್ ಹುಡುಗ ಕೆಟ್ಟೋನಲ್ಲ, ನೀವು ಕೊಟ್ಟಿರೋ ಊರಲ್ಲಿ ಅವನ ಕೈಗೆ ಸಿಕ್ಕ ಒಂದೇ ಒಂದು ಜೀವಂತ ವಸ್ತು ಅಂದ್ರೆ ಫ್ರೆಂಡ್‌ನ ಅಡ್ರೆಸ್ಸು, ಅದನ್ನೇ ಹಿಡ್ಕೊಂಡ.

ಮೊದಲು ನಿಮಗೆ ಆನ್‌ಲೈನ್ ಹೇಳಿರೋ ಎರಡು ಮಾತು ನೋಡೋಣ. ಶಿಕಾಗೋ ಪೂರ್ತಿ ಓದ್ಬೇಕು ಅನ್ನೋದು ಸುಳ್ಳು. ಈ ಗೇಮ್ ಬಂದಿದ್ದು 1991ರಲ್ಲಿ, ಶಿಕಾಗೋ ಮೇಲಿನ ಮೊದಲ ಪುಸ್ತಕನೂ ಅದೇ ವರ್ಷದ್ದು, ಅಲ್ಲಿಂದ ಇಲ್ಲಿವರೆಗೆ ಎಡಿಷನ್ ಮೇಲೆ ಎಡಿಷನ್ ಬಂದು ಪ್ರಿನ್ಸ್ ಬದಲಾಗಿದಾನೆ, ಯಾರ್ಯಾರೋ ಸತ್ತಿದಾರೆ, ಕ್ಲ್ಯಾನ್‌ಗಳು ಅಂದ್ರೆ ವ್ಯಾಂಪೈರ್ ಕುಲಗಳು ಬಣ ಬದಲಾಯಿಸಿವೆ, ಅದನ್ನೆಲ್ಲ ಓದಿ ಮುಗಿಸಿ ಶುರು ಮಾಡೋಣ ಅಂದ್ರೆ ನಿಮ್ಮ ಗ್ಯಾಂಗಿನ ಅರ್ಧ ಜನಕ್ಕೆ ಮದುವೆ ಆಗಿ ಬೇರೆ ಊರಿಗೆ ಹೋಗಿರ್ತಾರೆ. ಆ ಕಾಲದಲ್ಲಿ ಗೇಮ್ ಮಾಡಿದೋರು ಹೊಸಬರನ್ನ ಸೀದಾ ಶಿಕಾಗೋಗೆ ಇಳಿಸ್ಲೂ ಇಲ್ಲ, ಪಕ್ಕದ ಇಂಡಿಯಾನಾ ರಾಜ್ಯದ ಗ್ಯಾರಿಯಿಂದ ಶುರು ಮಾಡ್ಸಿದ್ರು. ಗ್ಯಾರಿ ನಿಜವಾದ ಊರು, 1906ರಲ್ಲಿ ಯುಎಸ್ ಸ್ಟೀಲ್ ಕಂಪನಿ ತನ್ನ ಕಾರ್ಖಾನೆಗೋಸ್ಕರ ಕಟ್ಟಿಸಿದ ಊರು, ಆಮೇಲೆ ಉಕ್ಕಿನ ಕೆಲಸಗಳು ಹೋಗ್ತಾ ಹೋಗ್ತಾ ಖಾಲಿಯಾಗ್ತಾ ಬಂತು. ಅಲ್ಲಿ ಮೋಡಿಯಸ್ ಅನ್ನೋ ಒಬ್ಬ ಬಡ ಪ್ರಿನ್ಸ್, ಅವನಿಗೆ ಎದುರಾಗಿ ಜಗ್ಲರ್ ಅನ್ನೋ ಅನಾರ್ಕ್ ಲೀಡರ್, ನಡುವೆ ಪ್ಲೇಯರ್‌ಗಳು. ಅಷ್ಟೇ. ಎರಡು ಮುಖ, ಒಂದು ಸಣ್ಣ ಊರು, ಹಂಚ್ಕೊಳ್ಳೋಕೆ ಸಾಲದಷ್ಟು ರಕ್ತ. ಆ ಲೆಕ್ಕ ಇವತ್ತಿಗೂ ಸರಿ.

ಇನ್ನು ಚೂರಿ ಹಾಕೋದೇ ಆಟ ಅನ್ನೋದು. ಇದು ಅರ್ಧ ನಿಜ. ವ್ಯಾಂಪೈರ್ ಸಮಾಜದಲ್ಲಿ ಎಲ್ರೂ ಎಲ್ಲರ ಬೆನ್ನಿಗೆ ಕಾದಿರ್ತಾರೆ ಅನ್ನೋದು ಕಥೆಯ ಒಳಗಿನ ಮಾತು. ಆದ್ರೆ ಐದನೇ ಎಡಿಷನ್ ರೂಲ್‌ಬುಕ್ ತೆಗೆದು ನೋಡಿ, ಕ್ಯಾರೆಕ್ಟರ್ ಮಾಡೋವಾಗ ಎಲ್ರೂ ಕೂತು ಒಂದು ಕೋಟರಿ, ಅಂದ್ರೆ ಒಟ್ಟಿಗಿರೋ ಗುಂಪು, ಕಟ್ಟಿ ಅಂತ ಹೇಳತ್ತೆ, ಎಲ್ಲರ ಪಾಯಿಂಟ್ ಒಟ್ಟಿಗೆ ಹಾಕಿ ಒಂದು ಡೊಮೇನ್, ಅಂದ್ರೆ ಊರಲ್ಲಿ ಆ ಗುಂಪಿನದೇ ಆದ ಏರಿಯಾ, ಕೊಂಡ್ಕೊಳ್ಳಿ ಅನ್ನತ್ತೆ, ಅದರಲ್ಲಿ ಶಾಸ್ ಅಂದ್ರೆ ಬೇಟೆಗೆ ಎಷ್ಟು ಅನುಕೂಲ, ಲಿಯೆನ್ ಅಂದ್ರೆ ಅಲ್ಲಿನ ಮನುಷ್ಯರ ಜೊತೆ ಎಷ್ಟು ನಂಟು, ಪೋರ್ಟಿಯೋನ್ ಅಂದ್ರೆ ಎಷ್ಟು ಕಾವಲು ಅಂತ ಮೂರು ಅಳತೆ ಇದೆ. ಒಬ್ರಿಗೊಬ್ರು ಚೂರಿ ಹಾಕೋದೇ ಉದ್ದೇಶ ಆಗಿದ್ರೆ ಜಂಟಿ ಖಾತೆ ಯಾಕೆ ಮಾಡ್ಸ್ತಿದ್ರು ಹೇಳಿ. ಡಿ ಆಂಡ್ ಡಿಯಿಂದ ಬಂದೋರು ಈ ಭಾಗವನ್ನ ಹಾರಿಸಿಬಿಡ್ತಾರೆ, ಯಾಕಂದ್ರೆ ಅಲ್ಲಿ ಪಾರ್ಟಿ ಅನ್ನೋದು ತಾನಾಗೇ ಇರತ್ತೆ, ಹೋಟ್ಲಲ್ಲಿ ಸಿಕ್ಕಿದ್ವಿ ಹೊರಟ್ವಿ ಅಂದ್ರೆ ಮುಗೀತು. ಇಲ್ಲಿ ಹಂಗೆ ಆಗಲ್ಲ, ನಾಲ್ಕು ಜನ ಯಾಕೆ ಒಟ್ಟಿಗಿದಾರೆ ಅನ್ನೋದಕ್ಕೆ ಕಾರಣ ಕೈಯಲ್ಲಿ ಹಿಡ್ಕೊಂಡೇ ಶುರು ಮಾಡ್ಬೇಕು. ನಿಮ್ಮ ಕೋಟರಿಗೆ ಡೊಮೇನ್ ಇದ್ಯಾ? ಪತ್ರದಲ್ಲಿ ಅದರ ಸುದ್ದಿನೇ ಇಲ್ಲ.

ಈಗ ಮೂಲಕ್ಕೆ ಬರ್ತೀನಿ. ನಿಮ್ಮ ಮೂರು ಬಣಕ್ಕೂ ಇತಿಹಾಸ ಇದೆ, ಆದ್ರೆ ಈ ವಾರ ಅವಕ್ಕೆ ಏನು ಬೇಕು ಅನ್ನೋದು ಇಲ್ಲ. ಪ್ರಿನ್ಸ್‌ಗೆ ಶಿಸ್ತು ಬೇಕು, ಅನಾರ್ಕ್‌ಗೆ ಸ್ವಾತಂತ್ರ್ಯ ಬೇಕು, ಹಂಟರ್ಸ್‌ಗೆ ಎಲ್ರನ್ನೂ ಸುಡ್ಬೇಕು, ಹಿಂಗೆ ಬರೆದಿರ್ತೀರಿ ಅಂತ ಊಹೆ ಮಾಡ್ತೀನಿ, ಮುಕ್ಕಾಲು ಪಾಲು ಜನ ಹಿಂಗೇ ಬರೀತಾರೆ. ಇವು ಮೂರೂ ಮೂರು ದಿಕ್ಕಿಗೆ ಹೋಗೋ ಆಸೆಗಳು, ಒಂದಕ್ಕೊಂದು ಡಿಕ್ಕಿನೇ ಹೊಡೆಯಲ್ಲ. ನಮ್ಮೂರುಗಳ ಹಾಲಿನ ಸೊಸೈಟಿ ಎಲೆಕ್ಷನ್ ನೋಡಿದೋರಿಗೆ ಇದು ಹೇಳ್ಬೇಕಾಗಿಲ್ಲ, ಎರಡು ಬಣ ಕಿತ್ತಾಡೋದು ಸಿದ್ಧಾಂತಕ್ಕಲ್ಲ, ಅಧ್ಯಕ್ಷರ ಕುರ್ಚಿ ಒಂದೇ ಇದೆ ಅನ್ನೋದಕ್ಕೆ. ಹಂಗಾಗಿ ಪಿಡಿಎಫ್ ಪಕ್ಕಕ್ಕಿಟ್ಟು ಒಂದೇ ಒಂದು ವಸ್ತು ಹುಡುಕಿ, ಮೂರೂ ಬಣಕ್ಕೆ ಅದೇ ಬೇಕು, ಹಂಚೋಕೆ ಬರಬಾರ್ದು, ಮತ್ತೆ ಅದನ್ನ ತಗೊಳ್ಳೋಕೆ ಪ್ರತಿ ಬಣಕ್ಕೂ ಒಂದೊಂದು ಕೊರತೆ ಇರ್ಬೇಕು, ಆ ಕೊರತೆ ತುಂಬೋದು ನಿಮ್ಮ ಪ್ಲೇಯರ್‌ಗಳ ಕೈಯಲ್ಲಿ ಮಾತ್ರ ಇರ್ಬೇಕು. ಇದಿಷ್ಟು ಇದ್ರೆ ಬಣಗಳೇ ನಿಮ್ಮ ಹುಡುಗರ ಬಾಗ್ಲಿಗೆ ಬರ್ತವೆ, ಸಭೆ ಕರೆಯೋ ಅಗತ್ಯನೇ ಬೀಳಲ್ಲ.

ಶಿಕಾಗೋ ಆರಿಸ್ಕೊಂಡಿರೋದು ನಿಮ್ಮ ಪುಣ್ಯ, ಆ ಊರಿನ ನಿಜವಾದ ಇತಿಹಾಸದಲ್ಲೇ ಇಂಥದ್ದು ಬಿದ್ದಿದೆ. ಡೌನ್‌ಟೌನ್ ಕೆಳಗೆ ಸುಮಾರು 40 ಅಡಿ ಆಳದಲ್ಲಿ ಸರಕು ಸಾಗಿಸೋ ಸುರಂಗಗಳಿವೆ, 1899ರ ಹೊತ್ತಿಗೆ ತೋಡೋಕೆ ಶುರು ಮಾಡಿದ್ದು, ಒಟ್ಟು ಉದ್ದ ಸುಮಾರು 60 ಮೈಲಿ, ಎರಡಡಿ ಅಗಲದ ಹಳಿ ಮೇಲೆ ಪುಟಾಣಿ ಎಲೆಕ್ಟ್ರಿಕ್ ರೈಲು ಓಡ್ಸಿ ಕಟ್ಟಡಗಳ ನೆಲಮಾಳಿಗೆಗೆ ಕಲ್ಲಿದ್ದಲು ಕೊಡೋರು, ಬೂದಿ ವಾಪಸ್ ತರೋರು. 1959ರಲ್ಲಿ ರೈಲು ನಿಂತ್ಹೋಯ್ತು, ಆಮೇಲೆ ಕರೆಂಟು, ಟಿವಿ ಕೇಬಲ್ ಎಳೆಯೋಕೆ ಆ ಸುರಂಗ ಬಳಸಿದ್ರು. 1991ರಲ್ಲಿ ಕಿನ್ಸೀ ಸ್ಟ್ರೀಟ್ ಸೇತುವೆ ಹತ್ರ ನದಿ ತಳಕ್ಕೆ ಹೊಸ ಕಂಬ ಹೊಡೆಯೋವಾಗ ಸುರಂಗದ ಗೋಡೆಗೆ ಏಟು ಬಿತ್ತು, ಮುಂದಿನ ವರ್ಷದ ಶುರುವಲ್ಲಿ ಕೇಬಲ್ ಕೆಲಸದವರು ನೀರು ಸೋರೋದನ್ನ ನೋಡಿ ವಿಡಿಯೋನೂ ಮಾಡಿದ್ರು, ಆದ್ರೆ ರಿಪೇರಿ ಟೈಮಿಗೆ ಆಗ್ಲಿಲ್ಲ. 1992 ಏಪ್ರಿಲ್ 13ರ ಬೆಳಗ್ಗೆ ಗೋಡೆ ಒಡೆದು ನದಿನೇ ಒಳಗೆ ನುಗ್ತು. ಸುಮಾರು 25 ಕೋಟಿ ಗ್ಯಾಲನ್ ನೀರು. ರಸ್ತೆಗಳೆಲ್ಲ ಒಣಗಿದ್ವು, ಮಳೆ ಇಲ್ಲ ಏನಿಲ್ಲ, ಆದ್ರೆ ನೆಲಮಾಳಿಗೆಗಳು ಮಾತ್ರ ತುಂಬಿ, ಕರೆಂಟ್ ತೆಗೆದು, ಆಫೀಸುಗಳಿಂದ ಜನನ್ನ ಹೊರಗೆ ಕಳಿಸಿ, ಬೋರ್ಡ್ ಆಫ್ ಟ್ರೇಡ್ ವ್ಯಾಪಾರನೇ ನಿಲ್ಲಿಸ್ಬೇಕಾಯ್ತು. ಇದನ್ನೆಲ್ಲ ನಾನು ಕಟ್ಟಿ ಹೇಳ್ತಿಲ್ಲ, ನಡೆದಿರೋದೇ.

ಕಟ್ಟೋದು ಇಲ್ಲಿಂದ ಮುಂದೆ. ಆ ಸುರಂಗದಲ್ಲಿ ಬಹಳ ಹಿಂದೆ ಟಾರ್ಪರ್‌ಗೆ, ಅಂದ್ರೆ ವ್ಯಾಂಪೈರ್‌ಗಳ ದೀರ್ಘ ನಿದ್ದೆಗೆ, ಹೋಗಿ ಮಲಗಿದ್ದ ಒಬ್ಬ ಹಳೇ ವ್ಯಾಂಪೈರ್ ಇದ್ದ ಅಂತ ಇಟ್ಕೊಳ್ಳಿ, 1992ರ ನೀರು ಅವನನ್ನ ಎಲ್ಲಿಗೋ ಎಳ್ಕೊಂಡು ಹೋಯ್ತು, ಸತ್ತ ಅಂತ ಎಲ್ರೂ ಅಂದ್ಕೊಂಡ್ರು. ಅವನು ಎಚ್ಚರ ಇದ್ದಾಗ ಊರಿನ ಹಾರ್ಪಿ ಆಗಿದ್ದ, ಅಂದ್ರೆ ಯಾರು ಯಾರಿಗೆ ಯಾವ ಉಪಕಾರದ ಋಣ ತೀರಿಸ್ಬೇಕು ಅನ್ನೋ ಲೆಕ್ಕ ಅವನ ತಲೇಲಿದೆ. ಕ್ಯಾಮರಿಲಾದಲ್ಲಿ ದುಡ್ಡಿಗಿಂತ ದೊಡ್ಡದು ಈ ಋಣ, ಸಣ್ಣ ಸಹಾಯದಿಂದ ಹಿಡಿದು ಜೀವ ಉಳಿಸಿದ ಋಣದವರೆಗೆ ಅದಕ್ಕೆ ದರ್ಜೆ ಇದೆ, ಕೊಟ್ಟ ಮಾತು ತಪ್ಪಿದ್ರೆ ಸಭೇಲಿ ಮುಖ ತೋರ್ಸೋ ಹಂಗಿಲ್ಲ. ಈಗ ಅವನು ಎದ್ದು ಬಾಯಿ ಬಿಟ್ರೆ ಇವತ್ತು ಕುರ್ಚಿ ಮೇಲಿರೋರಲ್ಲಿ ಕೆಲವರು ಕೆಳಗಿಳೀಬೇಕಾಗತ್ತೆ. ಆಸ್ಥಾನಕ್ಕೆ ಅವನು ಯಾರು ಅಂತ ಗೊತ್ತು, ಎಲ್ಲಿದಾನೆ ಗೊತ್ತಿಲ್ಲ. ಅನಾರ್ಕ್‌ಗಳಿಗೆ ಜಾಗ ಗೊತ್ತು, ಯಾರು ಅಂತ ಗೊತ್ತಿಲ್ಲ, ಒಳಗೆ ಹೋಗೋಕೆ ದಾರಿನೂ ಇಲ್ಲ. ಹಂಟರ್ಸ್ ಅಂದ್ರೆ ಐದನೇ ಎಡಿಷನ್‌ನಲ್ಲಿ ಸೆಕೆಂಡ್ ಇನ್‌ಕ್ವಿಸಿಷನ್, ಸರ್ಕಾರದ ಗೂಢಚಾರರ ಬಲ ಇರೋ ಜನ, ಯಾವ ಬೀಗ ಬೇಕಾದ್ರೂ ಹಗಲಲ್ಲೇ ತೆಗೆಸ್ತಾರೆ, ಆದ್ರೆ ತೆಗೆದು ಏನು ಹುಡುಕ್ಬೇಕು ಅಂತ ಅವರಿಗೆ ಇನ್ನೂ ಸ್ಪಷ್ಟ ಇಲ್ಲ.

ಈಗ ಫೋನ್ ನೋಡ್ತಾ ಕೂತಿರೋ ಆ ಇಬ್ಬರನ್ನ ನೆನಪಿಸ್ಕೊಳ್ಳಿ. ಕಥೆಯ ಕೀಲಿ ಅವರಿಗೆ ಕೊಡಿ, ಈಗಾಗ್ಲೇ ಬಣ ಸೇರಿರೋ ಇಬ್ಬರಿಗಲ್ಲ. ಈ ಎಡಿಷನ್‌ನಲ್ಲಿ ಪ್ರತಿ ಕ್ಯಾರೆಕ್ಟರ್‌ಗೂ ಟಚ್‌ಸ್ಟೋನ್ ಅಂತ ಬದುಕಿರೋ ಮನುಷ್ಯರು ಇರ್ತಾರೆ, ಅವರ ನಂಬಿಕೆಗೆ ಆಧಾರ ಆಗಿರೋರು. ಒಬ್ಬನ ಟಚ್‌ಸ್ಟೋನ್ ಆ ಸುರಂಗದಲ್ಲಿ ಕೇಬಲ್ ನೋಡ್ಕೊಳ್ಳೋ ಹೆಂಗಸು ಆಗ್ಲಿ, ಒಳಗೆ ಹೋಗೋ ದಾರಿ ಅವಳಿಗೆ ಮಾತ್ರ ಗೊತ್ತು. ಇನ್ನೊಬ್ಬ ಮಲಗಿರೋ ಆ ಹಳಬನ ವಂಶದೋನು, ಅವನನ್ನ ಎಬ್ಬಿಸೋಕೆ ಇವನ ರಕ್ತನೇ ಬೇಕು ಅಂತ ನಿಮ್ಮ ಕಥೆಗೆ ಒಂದು ನಿಯಮ ಮಾಡ್ಕೊಳ್ಳಿ. ಮುಗೀತು, ಪ್ರಿನ್ಸ್ ಕಡೆಯೋನಿಗೂ ಅನಾರ್ಕ್ ಕಡೆಯೋನಿಗೂ ಈ ಇಬ್ಬರನ್ನ ಬಿಟ್ಟು ಒಂದು ಹೆಜ್ಜೆ ಇಡೋಕಾಗಲ್ಲ.

ಸಭೆ ಸೀನ್ ಬದ್ಲು ಏನ್ ಮಾಡೋದು ಅಂದ್ರೆ, ಬಣ ಯಾವಾಗ್ಲೂ ಒಬ್ಬ ವ್ಯಕ್ತಿಯಾಗಿ ಬರ್ಲಿ, ಬಂದು ಒಂದು ಕೆಲಸ ಕೇಳ್ಲಿ. ಉದಾಹರಣೆಗೆ ಈಗಿನ ಹಾರ್ಪಿ ನಿಮ್ಮ ಟಚ್‌ಸ್ಟೋನ್ ಹುಡುಗನನ್ನ ಒಂದು ಬಾರ್‌ನಲ್ಲಿ ಹುಡ್ಕೊಂಡು ಬಂದು ಕೂರ್ತಾಳೆ. "ಆ ಕೇಬಲ್ ಕೆಲಸದ ಹೆಂಗಸು ನಿಮಗೆ ಬೇಕಾದೋರಂತೆ. ಪಾಪ, ರಾತ್ರಿ ಪಾಳಿ ಒಬ್ಬಳೇ ಮಾಡ್ತಾಳೆ. ಅವಳ ಹತ್ರ ಇರೋ ಸುರಂಗದ ನಕ್ಷೆ ಒಂದ್ಸಲ ನಾನು ನೋಡ್ಬೇಕು, ಅಷ್ಟೇ. ಮುಂದೆ ನಿಮಗೇನಾದ್ರೂ ಬೇಕಾದ್ರೆ ನಾನಿದೀನಿ." ಬೆದರಿಕೆನೂ ಇದೆ, ಲಂಚನೂ ಇದೆ, ಎರಡೂ ಬಾಯಿ ಬಿಟ್ಟು ಹೇಳಿಲ್ಲ. ಇದನ್ನ ಕೇಳಿದ ಪ್ಲೇಯರ್ ಸುಮ್ನೆ ಕೂರೋಕಾಗಲ್ಲ, ಹೂಂ ಅಂದ್ರೂ ಒಂದು ಆಗತ್ತೆ, ಊಹೂಂ ಅಂದ್ರೂ ಒಂದು ಆಗತ್ತೆ. ಹೂಂ ಅಂದ್ರೆ ತಕ್ಷಣ ಒಂದು ಕಾರ್ಡ್ ತಗೊಂಡು "ಹಾರ್ಪಿ ಇವನಿಗೆ ಒಂದು ಋಣ ತೀರಿಸ್ಬೇಕು" ಅಂತ ಬರೆದು ಅವನ ಕೈಗೇ ಕೊಡಿ. ಕಾರ್ಡ್ ಟೇಬಲ್ ಮೇಲೆ ಕಣ್ಣಿಗೆ ಕಾಣ್ತಿದ್ರೆ ಪಿಡಿಎಫ್ ಓದದೋನೂ ರಾಜಕೀಯ ಮಾಡ್ತಾನೆ. ಅರ್ಬನ್ ಶ್ಯಾಡೋಸ್ ಅಂತ 2015ರ ಇನ್ನೊಂದು ಗೇಮ್ ಇದೆ, ಅದರಲ್ಲಿ ಊರನ್ನ ನಾಲ್ಕು ಬಣ ಮಾಡಿ ಇಡೀ ಆಟನೇ ಈ ಋಣದ ಮೇಲೆ ನಿಲ್ಲಿಸಿದಾರೆ, ಆ ಐಡಿಯಾ ನೀವು ಇಲ್ಲಿ ಧಾರಾಳವಾಗಿ ಬಳಸ್ಬಹುದು.

ಇನ್ನೊಂದು, ಬಣಗಳು ಪ್ಲೇಯರ್‌ಗಳಿಗೋಸ್ಕರ ಕಾಯ್ಬಾರ್ದು. ಒಂದು ಹಾಳೆ ಮೇಲೆ ವೃತ್ತ ಬರೆದು ನಾಲ್ಕು ಭಾಗ ಮಾಡಿ, ಹಂಟರ್ಸ್ ಅಂತ ಹೆಸರಿಡಿ. ಯಾರೂ ತಡೀದಿದ್ರೆ ಸೆಷನ್‌ಗೆ ಒಂದು ಭಾಗ ತುಂಬತ್ತೆ: ಮೊದಲು ಯಾರೋ ಬಂದು ಹಳೇ ಕಟ್ಟಡದ ನೆಲಮಾಳಿಗೆ ಬಗ್ಗೆ ವಿಚಾರಿಸ್ತಾರೆ, ಆಮೇಲೆ ಕ್ಯಾಮೆರಾ ಬರತ್ತೆ, ಆಮೇಲೆ ಆ ಕೇಬಲ್ ಹೆಂಗಸಿನ ಮನೆ ಮುಂದೆ ಗಾಡಿ ನಿಲ್ಲತ್ತೆ, ಕೊನೆಗೆ ಹಾಡಹಗಲಲ್ಲಿ ಸುರಂಗಕ್ಕೆ ಇಳೀತಾರೆ. 2010ರ ಅಪಾಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಬಂದ ಈ ಗಡಿಯಾರದ ವಿಧಾನ 2017ರ ಬ್ಲೇಡ್ಸ್ ಇನ್ ದ ಡಾರ್ಕ್‌ನಿಂದ ಎಲ್ಲ ಕಡೆ ಹರಡ್ತು. ಹಾಳೆನ ಎಲ್ರಿಗೂ ಕಾಣೋ ಹಂಗೆ ಇಡಿ, ಬಚ್ಚಿಡೋ ಅಗತ್ಯ ಇಲ್ಲ. ಮೂರನೇ ಭಾಗ ತುಂಬಿದ್ದು ನೋಡಿದ ತಕ್ಷಣ ನಿಮ್ಮ ಪ್ರಿನ್ಸ್ ಭಕ್ತನೂ ಅನಾರ್ಕ್ ಹುಡುಗನೂ ತಾವಾಗೇ ಒಂದು ಕಡೆ ಕೂತು ಮಾತಾಡ್ತಾರೆ.

ಹಸಿವನ್ನೂ ಮರೀಬೇಡಿ, ವ್ಯಾಂಪೈರ್‌ಗೆ ರಕ್ತದ ಹಸಿವು ಎಷ್ಟಿದೆ ಅನ್ನೋದನ್ನ ಈ ಗೇಮ್ ಅಂಕಿಯಲ್ಲಿ ಅಳೆಯತ್ತೆ. ಹಸಿವು 4 ಇರೋನು ಆರು ಡೈಸ್ ಉರುಳಿಸಿದ್ರೆ ಅದರಲ್ಲಿ ನಾಲ್ಕು ಹಸಿವಿನ ಡೈಸ್, ಗೆದ್ದ್ರೂ ವ್ಯಾಂಪೈರ್ ಒಳಗಿನ ಮೃಗ ಹೊರಗೆ ಬರೋ ಅಪಾಯ, ಸೋತ್ರೂ ಅಪಾಯ. ಹಂಗಾಗಿ ಒಂದು ಬಣದ ನಿಜವಾದ ಶಕ್ತಿ ಅಂದ್ರೆ ಬೇಟೆ ಜಾಗ ಯಾರ ಕೈಲಿದೆ ಅನ್ನೋದು. ಪ್ರಿನ್ಸ್ ಭಾಷಣ ಮಾಡೋ ಬದ್ಲು ಕ್ಲಬ್ ಇರೋ ಆ ಬೀದಿಗೆ ನಿಮ್ಮ ಕೋಟರಿಗೆ ಪ್ರವೇಶ ಬಂದ್ ಮಾಡ್ಲಿ, ಆಗ ಅಧಿಕಾರ ಅಂದ್ರೇನು ಅಂತ ಎಲ್ರಿಗೂ ಹೊಟ್ಟೆಯಿಂದಾನೇ ಗೊತ್ತಾಗತ್ತೆ.

ಇನ್ನು ಜಗಳದ ವಿಷಯ, ಇದು ನಂಗೆ ಕಥೆಗಿಂತ ಮುಖ್ಯ. ಕ್ಯಾರೆಕ್ಟರ್‌ಗಳ ನಡುವೆ ದ್ರೋಹ ಆಗಿದ್ದಕ್ಕೆ ಏಟು ತಿಂದ ಹುಡುಗನಿಗೆ ಅಷ್ಟು ನೋವಾಗಿಲ್ಲ ಅಂತ ನಾನು ತಿಳ್ಕೊಂಡಿದೀನಿ. ಅವನ ಕ್ಯಾರೆಕ್ಟರ್ ಹಣೆಬರಹ ಅವನಿಲ್ದಿರೋ ಒಂದು ಚಾಟ್‌ನಲ್ಲಿ ನಿರ್ಧಾರ ಆಯ್ತು, ಅದಕ್ಕೆ ಸ್ಟೋರಿಟೆಲ್ಲರ್ ಒಪ್ಪಿಗೆನೂ ಇತ್ತು, ನೋವು ಅಲ್ಲಿದೆ. ನೀವು ಓಕೆ ಅಂದಿದ್ದರಲ್ಲಿ ಕೆಟ್ಟ ಉದ್ದೇಶ ಇರ್ಲಿಲ್ಲ, ಪ್ಲೇಯರ್ ಕೇಳಿದ್ದನ್ನ ಇಲ್ಲ ಅನ್ಬಾರ್ದು ಅಂತ ನಮಗೆಲ್ಲ ಹೇಳ್ಕೊಟ್ಟಿರ್ತಾರೆ. ಮುಂದಿನ ಸೆಷನ್‌ಗೆ ಮುಂಚೆ ಇಬ್ರನ್ನೂ ಒಟ್ಟಿಗೆ ಕೂರಿಸಿ ಕಾಫಿ ಕುಡೀರಿ, ಡೈಸ್ ಬೇಡ, ರೂಲ್‌ಬುಕ್ ಬೇಡ, ಈ ನಿರ್ಧಾರ ನಿನ್ನ ಎದುರಿಗೆ ಆಗ್ಬೇಕಿತ್ತು ಅಂತ ನೀವೇ ಅವನಿಗೆ ಹೇಳಿ. ಯಾರು ಸರಿ ಅಂತ ತೀರ್ಪು ಕೊಡೋಕೆ ಹೋಗ್ಬೇಡಿ.

ಆದ ಘಟನೆನ ಏನ್ ಮಾಡೋದು ಅನ್ನೋದಕ್ಕೆ ಎರಡು ದಾರಿ. ಆ ಅಡ್ರೆಸ್ ಹೋಗ್ಲೇ ಇಲ್ಲ ಅಂತ ಅಳಿಸಿಹಾಕೋದು ಒಂದು, ಜಗಳ ತಣ್ಣಗಾಗತ್ತೆ, ಆದ್ರೆ ಅನಾರ್ಕ್ ಹುಡುಗನಿಗೆ ನಾನು ಆಡಿದ್ದಕ್ಕೆ ಬೆಲೆ ಇಲ್ವಾ ಅನ್ಸಬಹುದು. ಇನ್ನೊಂದು, ಅಡ್ರೆಸ್ ಹೊರಟಿದ್ದು ನಿಜ ಆದ್ರೆ ಹಂಟರ್ಸ್ ಕೈ ಸೇರೋ ಮುಂಚೆ ಹಾರ್ಪಿ ಕೈಗೆ ಸಿಕ್ತು, ಈಗ ದ್ರೋಹ ಮಾಡಿದೋನ ಗುಟ್ಟೂ ಅವಳ ಹತ್ರ, ಅಡ್ರೆಸ್ಸೂ ಅವಳ ಹತ್ರ, ಇಬ್ರಿಗೂ ಅವಳ ಋಣ ಅಂತ ಮಾಡೋದು. ಕಥೆಗೆ ಇದೇ ಚೆನ್ನಾಗಿದೆ, ಇಬ್ಬರಿಗೂ ಒಬ್ಬಳೇ ಶತ್ರು ಸಿಗ್ತಾಳೆ. ಆದ್ರೆ ಗಾಯ ಇನ್ನೂ ಹಸಿ ಇದ್ರೆ ಕೆರೆದಂಗೆ ಆಗತ್ತೆ, ಹಂಗಾಗಿ ಏಟು ತಿಂದೋನನ್ನೇ ಕೇಳಿ, ಅವನು ಬೇಡ ಅಂದ್ರೆ ಬೇಡ.

ಮುಂದಕ್ಕೆ ಗುಂಪನ್ನ ಹೆಂಗೆ ಇಟ್ಕೊಳ್ಳೋದು ಅಂದ್ರೆ, ನಾಲ್ಕೂ ಜನನ್ನ ಒಂದೇ ಬಣಕ್ಕೆ ಹಾಕೋದು ಸುಲಭದ ದಾರಿ, ಜಗಳ ಕಮ್ಮಿ, ಆದ್ರೆ ಎದುರು ಬಣ ಬರೀ ಹೊಡೆಯೋಕಿರೋ ವಿಲನ್ ಆಗಿಬಿಡತ್ತೆ, ವ್ಯಾಂಪೈರ್ ಆಡೋ ರುಚಿನೇ ಹೋಗತ್ತೆ. ಪೂರ್ತಿ ಬಿಟ್ಟುಬಿಟ್ಟು ಯಾರ ಮೇಲೆ ಯಾರು ಬೇಕಾದ್ರೂ ಬೀಳಿ ಅನ್ನೋದೂ ಇದೆ, ಒಂದೇ ರಾತ್ರಿ ಮುಗಿಯೋ ಆಟಕ್ಕೆ, ಎಲ್ರೂ ಮೊದ್ಲೇ ಒಪ್ಪಿದ್ರೆ ಬಹಳ ಮಜಾ ಬರತ್ತೆ, ತಿಂಗಳುಗಟ್ಟಲೆ ನಡೆಯೋ ಕಥೆಗೆ ಬೇಡ, ಸತ್ತೋನು ಏನ್ ಮಾಡ್ಬೇಕು ಅನ್ನೋದಕ್ಕೆ ಉತ್ತರ ಇರಲ್ಲ, ಮತ್ತೆ ನೀವು ಕೊಟ್ಟ ಪ್ರತಿ ತೀರ್ಪಲ್ಲೂ ಪಕ್ಷಪಾತ ಕಾಣೋಕೆ ಶುರುವಾಗತ್ತೆ. ನಾನು ಹೇಳೋದು ನಡುವಿನ ದಾರಿ, ನಂಟು ಬೇರೆ ಬೇರೆ ಬಣಕ್ಕೆ ಇರ್ಲಿ, ಡೊಮೇನ್ ಮಾತ್ರ ಒಂದೇ ಇರ್ಲಿ, ಅದು ಹೋದ್ರೆ ನಾಲ್ಕೂ ಜನಕ್ಕೆ ಹೋಗ್ಬೇಕು. ಇದಕ್ಕೆ ನಿಮ್ಮ ಕಡೆಯಿಂದ ಕೆಲಸ ಜಾಸ್ತಿ, ಪ್ರತಿ ಸೆಷನ್‌ನಲ್ಲೂ ಒಂದಾದ್ರೂ ತೊಂದರೆ ಆ ಡೊಮೇನ್ ಬಾಗ್ಲಿಗೆ ಬರೋ ಹಂಗೆ ನೋಡ್ಕೊಬೇಕು, ಇಲ್ದಿದ್ರೆ ಮತ್ತೆ ಚದುರಿ ಹೋಗ್ತಾರೆ.

ಇದರ ಜೊತೆ ಎರಡು ನಿಯಮ. ಇನ್ನೊಬ್ಬ ಪ್ಲೇಯರ್‌ನ ಕ್ಯಾರೆಕ್ಟರ್‌ಗೆ ಪೆಟ್ಟಾಗೋ ಕೆಲಸ ಮಾಡೋ ಮುಂಚೆ ಆ ಪ್ಲೇಯರ್‌ನ ಟೇಬಲ್‌ನಲ್ಲೇ ಕೇಳ್ಬೇಕು. ಮತ್ತೆ ಗುಟ್ಟುಗಳು ಕ್ಯಾರೆಕ್ಟರ್‌ಗಳಿಂದ ಬಚ್ಚಿಟ್ಟಿರ್ಲಿ, ಪ್ಲೇಯರ್‌ಗಳಿಂದ ಬೇಡ. ಗೊತ್ತಾದ್ರೆ ಮಜಾ ಹೋಗತ್ತೆ ಅಂತ ಎಲ್ರೂ ಹೆದರ್ತಾರೆ, ನಾನು ನೋಡಿರೋದು ಉಲ್ಟಾ, ಫ್ರೆಂಡ್ ಕ್ಯಾರೆಕ್ಟರ್ ಮೋಸ ಹೋಗ್ತಿದಾನೆ ಅಂತ ಗೊತ್ತಿದ್ದೂ ತನ್ನ ಕ್ಯಾರೆಕ್ಟರ್‌ಗೆ ಗೊತ್ತಿಲ್ಲ ಅಂತ ನಾಲ್ಕು ಜನ ಉಸಿರು ಬಿಗಿ ಹಿಡ್ಕೊಂಡು ಕೂರ್ತಾರೆ. ಸೆಷನ್ ಜೀರೋ, ಅಂದ್ರೆ ಆಟ ಶುರುವಾಗೋ ಮುಂಚಿನ ಮಾತುಕತೆ, ಮಾಡಿಲ್ಲ ಅಂದ್ರೆ ಈಗ್ಲಾದ್ರೂ ಮಾಡಿ, ರಕ್ತ, ಒಪ್ಪಿಗೆ ಇಲ್ದೆ ಮನಸ್ಸನ್ನ ಆಳೋದು, ಚಿತ್ರಹಿಂಸೆ ಇವೆಲ್ಲ ಈ ಗೇಮ್‌ನಲ್ಲಿ ಬಂದೇ ಬರತ್ತೆ, ಯಾವುದು ಬೇಡವೇ ಬೇಡ, ಯಾವುದು ಬಂದ್ರೂ ಪರದೆ ಹಿಂದೆ ಇರ್ಲಿ ಅಂತ ಮಾತಾಡ್ಕೊಳ್ಳಿ, ಟೇಬಲ್ ಮಧ್ಯ ಒಂದು ಎಕ್ಸ್ ಕಾರ್ಡ್ ಇಡಿ, ಯಾರು ಮುಟ್ಟಿದ್ರೂ ಕಾರಣ ಕೇಳದೆ ಆ ಸೀನ್ ಬಿಟ್ಟು ಮುಂದೆ ಹೋಗಿ.

ಶಿಕಾಗೋ ಪುಸ್ತಕ ಕೊಂಡಿದ್ರೆ ಅದರಲ್ಲಿ ಮೂರೇ ಮೂರು ಜನನ್ನ ಆರಿಸ್ಕೊಳ್ಳಿ. ಐದನೇ ಎಡಿಷನ್‌ನಲ್ಲಿ ಪ್ರಿನ್ಸ್ ಕೆವಿನ್ ಜ್ಯಾಕ್ಸನ್, ಅವನು ದೂರದಲ್ಲೇ ಇರ್ಲಿ, ಹೆಸರು ಕೇಳಿಸಿದ್ರೆ ಸಾಕು. ಹತ್ರ ಬೇಕಾಗಿರೋದು ಕೆಲಸ ಕೇಳೋಕೆ ಬರೋ ಒಬ್ಬ ಆಸ್ಥಾನದೋನು, ಒಬ್ಬ ಅನಾರ್ಕ್, ಒಬ್ಬ ಹಂಟರ್. ಪುಸ್ತಕಕ್ಕೆ ವಿರುದ್ಧ ಏನಾದ್ರೂ ಆದ್ರೆ ಆಗ್ಲಿ, ನಿಮ್ಮ ಟೇಬಲ್‌ನಲ್ಲಿ ನಡೆದಿದ್ದೇ ಆ ಊರಿನ ಇತಿಹಾಸ. ನೀವು ಬರೆದಿರೋ ಪಿಡಿಎಫ್ ಬಿಸಾಕ್ಬೇಡಿ, ಆ ಸುರಂಗದ ಹಳಬ ಎದ್ದು ಮಾತಾಡೋಕೆ ಶುರು ಮಾಡ್ದಾಗ ಅವನ ಬಾಯಿಂದ ಒಂದೊಂದೇ ಸಾಲು ಹೊರಗೆ ತರಿಸಿ, ಅಷ್ಟು ಹೊತ್ತಿಗೆ ನಿಮ್ಮ ಹುಡುಗರಿಗೇ ಅದು ಬೇಕಾಗಿರತ್ತೆ.